ರೋಮ್‌ನಲ್ಲಿ ಗೈಡ್ ಇಲ್ಲದೆ ಒಂದು ದಿನದ ಕಾಲ್ನಡಿಗೆ: ಯಾವ ಚರ್ಚ್ ಮೊದಲು, ಯಾವುದು ಆಮೇಲೆ?

ಮಾಟುಂಗಾ ಪೂರ್ವ (ಮುಂಬೈ)

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಮೂರನೇ ವಾರ ರೋಮ್‌ಗೆ ಹೊರಟಿದ್ದೇವೆ: ನಾನು, ಯಜಮಾನರು, 68 ವರ್ಷದ ಅತ್ತೆ. ಕೊಲೋಸಿಯಂ, ವ್ಯಾಟಿಕನ್ ಎರಡಕ್ಕೂ ಬೇರೆ ಬೇರೆ ದಿನ ಟಿಕೆಟ್ ತೆಗೆದಾಗಿದೆ. ನಡುವೆ ಒಂದು ಮಂಗಳವಾರ ಪೂರ್ತಿ ಖಾಲಿ. ಆ ದಿನ ಗುಂಪಿನ ಹಿಂದೆ ಓಡದೆ, ಹಳೇ ಊರನ್ನು ನಮ್ಮಷ್ಟಕ್ಕೆ ನಡೆದು ನೋಡಬೇಕೆಂದಿದೆ.

ನೋಡಬೇಕಾದವು: ಕರವಾಜ್ಜೊನ ಚಿತ್ರಗಳಿರುವ ಮೂರು ಚರ್ಚ್‌ಗಳು, ಹಳೇ ರೋಮನ್ ದೇಗುಲ ಪ್ಯಾಂಥಿಯಾನ್, ನವೋನಾ ಚೌಕ, ಟ್ರೆವಿ ಕಾರಂಜಿ, ಶಿಲ್ಪಿ ಬೆರ್ನೀನಿಯ ಕಲ್ಲಿನ ಆನೆ, ಸಾಧ್ಯವಾದರೆ ಸಾಂತ್ ಇಗ್ನಾಜಿಯೊ ಮತ್ತು ಜೆಸೂ ಚರ್ಚ್. ಇವನ್ನೆಲ್ಲ ಫೋನಿನ ಮ್ಯಾಪಿಗೆ ಹಾಕಿದರೆ ಹತ್ತಿರದಿಂದ ಹತ್ತಿರಕ್ಕೆ ಒಂದು ದಾರಿ ತೋರಿಸುತ್ತದೆ. ಅದೇ ಕ್ರಮದಲ್ಲಿ ಹೋದರೆ ಸಾಕೇ? ಪ್ಯಾಂಥಿಯಾನ್ ಟಿಕೆಟ್ ಮೊದಲೇ ತೆಗೆಯಬೇಕೇ? ಅತ್ತೆಯವರು ಸಮತಟ್ಟಾದ ಕಡೆ ನಿಧಾನವಾಗಿ ಎಷ್ಟು ಬೇಕಾದರೂ ನಡೆಯುತ್ತಾರೆ, ಮೆಟ್ಟಿಲು ಮಾತ್ರ ಮಂಡಿಗೆ ಆಗದು. ಮೂವರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಬಲ್ಲವರು ಸ್ವಲ್ಪ ವಿವರವಾಗಿಯೇ ಬರೆದರೆ ಉಪಕಾರವಾಗುತ್ತದೆ.

ಕಾಲಾಘೋಡಾ ಕಟ್ಟೆ (ಮುಂಬೈ)

ಮೇಡಂ, ಮ್ಯಾಪ್ ಕೊಡುವ ಕ್ರಮ ಬೇಡವೇ ಬೇಡ. ಅದಕ್ಕೆ ದೂರ ಗೊತ್ತು, ಬಾಗಿಲು ಗೊತ್ತಿಲ್ಲ. ನಿಮ್ಮ ಪಟ್ಟಿಯ ಚರ್ಚ್‌ಗಳಲ್ಲಿ ಹೆಚ್ಚಿನವು ಮಧ್ಯಾಹ್ನ 12ರಿಂದ 12:45ರ ಒಳಗೆ ಮುಚ್ಚುತ್ತವೆ. ಕೆಲವು 2:30ಕ್ಕೆ ತೆರೆದರೆ ಕೆಲವು 4ರವರೆಗೂ ತೆರೆಯುವುದಿಲ್ಲ. ಇವು ಮ್ಯೂಸಿಯಂಗಳಲ್ಲ, ದಿನಾ ಪೂಜೆ ನಡೆಯುವ ಜಾಗಗಳು. ರೋಮ್‌ನ ನಡಿಗೆ ಕೆಡುವುದು ಇಲ್ಲೇ. ಹತ್ತು ಗಂಟೆಗೆ ಟ್ರೆವಿಗೆ ಹೋಗಿ ಜನರ ನಡುವೆ ಸಿಕ್ಕಿಕೊಳ್ಳುತ್ತಾರೆ, ಅಲ್ಲಿಂದ ಪ್ಯಾಂಥಿಯಾನ್ ಸಾಲು, ಒಂದು ಗಂಟೆಗೆ ಕರವಾಜ್ಜೊನನ್ನು ಹುಡುಕಿಕೊಂಡು ಬಂದರೆ ಚರ್ಚಿಗೆ ಬೀಗ. ಆದ್ದರಿಂದ ಮಧ್ಯಾಹ್ನ ಮುಚ್ಚುವ ಚರ್ಚ್‌ಗಳನ್ನು ಬೆಳಿಗ್ಗೆಗೆ ಇಟ್ಟುಕೊಳ್ಳಿ, ಬಾಗಿಲೇ ಇಲ್ಲದ ಚೌಕ ಮತ್ತು ಮಧ್ಯಾಹ್ನವೂ ತೆರೆದಿರುವ ಪ್ಯಾಂಥಿಯಾನನ್ನು ನಡುಹೊತ್ತಿಗೆ, ಉಳಿದ ಚರ್ಚ್‌ಗಳನ್ನು ಸಂಜೆಗೆ. ಮಂಗಳವಾರ ಆರಿಸಿಕೊಂಡಿದ್ದು ಒಳ್ಳೆಯದೇ ಆಯಿತು. ಭಾನುವಾರ ಬೆಳಿಗ್ಗೆಯಾದರೆ ಬಲಿಪೂಜೆಗಳ ನಡುವೆ ಒಳಗೆ ತಿರುಗಾಡಿ ಚಿತ್ರ ನೋಡಲು ಬಿಡುವುದಿಲ್ಲ.

ಒಟ್ಟು ನಡಿಗೆ ಸುಮಾರು ಐದೂವರೆ ಕಿ.ಮೀ., ಬೆಳಿಗ್ಗೆ 7:30ರಿಂದ ಸಂಜೆ 6:30ರವರೆಗೆ ಹರಡಿದ್ದು. ಹೊರಡುವ ಮುಂಚೆ ಒಂದು ಭಾನುವಾರ ಬೆಳಿಗ್ಗೆ ಅತ್ತೆಯವರನ್ನು ಸಿಎಸ್‌ಎಂಟಿಯಿಂದ ಫ್ಲೋರಾ ಫೌಂಟನ್, ಹಾರ್ನಿಮನ್ ಸರ್ಕಲ್, ಕಾಲಾಘೋಡಾ ದಾಟಿ ಗೇಟ್‌ವೇ ತನಕ ನಡೆಸಿ ನೋಡಿ. ಸುತ್ತಿ ಬಳಸಿ ಹೋದರೆ ಮೂರು ಕಿ.ಮೀ. ಆಸುಪಾಸು. ಅಷ್ಟಾದ ಮೇಲೆ ಮಂಡಿ ಏನು ಹೇಳುತ್ತದೆ ಎಂಬುದರ ಮೇಲೆ ರೋಮ್‌ನಲ್ಲಿ ಎಲ್ಲಿ ಟ್ಯಾಕ್ಸಿ ಹಿಡಿಯಬೇಕು ಅನ್ನುವುದನ್ನು ತೀರ್ಮಾನಿಸಬಹುದು.

ಮೊದಲು ಟ್ರೆವಿ. ಆ ವಾರ ಸೂರ್ಯೋದಯ 7:25ರ ಸುಮಾರಿಗೆ. 7:30ಕ್ಕೆ ಅಲ್ಲಿರಿ. 2024ರ ಡಿಸೆಂಬರ್‌ನಿಂದ ಕಾರಂಜಿಯ ಕಟ್ಟೆಯ ಬಳಿಗೆ ಒಂದು ಸಲಕ್ಕೆ 400 ಜನರನ್ನು ಮಾತ್ರ ಬಿಡುವ ವ್ಯವಸ್ಥೆ ತಂದಿದ್ದಾರೆ, ಹಗಲಿನ ಸಾಲು ಅದಕ್ಕೇ. ಕೆಳಗೆ ಇಳಿಯಲೇಬೇಕೆಂದಿಲ್ಲ, ಮೇಲಿನ ರಸ್ತೆಯ ಅಂಚಿನಿಂದ ಪೂರ್ತಿ ಕಾಣುತ್ತದೆ, ಅತ್ತೆಯವರಿಗೆ ಮೆಟ್ಟಿಲೂ ತಪ್ಪುತ್ತದೆ. ನಿಕೊಲಾ ಸಾಲ್ವಿಯ ವಿನ್ಯಾಸ, ಮುಗಿದದ್ದು 1762ರಲ್ಲಿ. ಆದರೆ ಅದಕ್ಕೆ ನೀರು ತರುವ ಕಾಲುವೆ ಕ್ರಿ.ಪೂ. 19ರಲ್ಲಿ ಚಕ್ರವರ್ತಿ ಆಗಸ್ಟಸ್‌ನ ಸೇನಾಪತಿ ಅಗ್ರಿಪ್ಪ ಕಟ್ಟಿಸಿದ್ದು. ಇದೇ ಅಗ್ರಿಪ್ಪನ ಹೆಸರನ್ನು ಮಧ್ಯಾಹ್ನ ಪ್ಯಾಂಥಿಯಾನ್ ಹಣೆಯ ಮೇಲೆ ಓದುತ್ತೀರಿ.

ಅಲ್ಲಿಂದ ಸ್ಪ್ಯಾನಿಷ್ ಮೆಟ್ಟಿಲ ಬುಡಕ್ಕೆ 700 ಮೀಟರ್. ಹತ್ತಬೇಡಿ, ಕೆಳಗಿನಿಂದ ನೋಡಿದರೇ ಅದರ ಅಂದ. ಎದುರಿನ ದೋಣಿಯಾಕಾರದ ಕಾರಂಜಿ ಬೆರ್ನೀನಿಯ ತಂದೆ ಪಿಯೆತ್ರೊನದು. 2019ರಿಂದ ಆ ಮೆಟ್ಟಿಲ ಮೇಲೆ ಕೂರುವುದಕ್ಕೆ ದಂಡ ಇದೆ, 250 ಯೂರೋದಿಂದ ಶುರು. ದಣಿವಾಯಿತೆಂದು ಅತ್ತೆಯವರು ಅಲ್ಲಿ ಕೂರದಂತೆ ನೋಡಿಕೊಳ್ಳಿ. ಮುಂದಕ್ಕೆ ಮೆಟ್ರೊ ಹಿಡಿದರೆ ಒಂದೇ ನಿಲ್ದಾಣ, ಆದರೆ ಇಳಿಯಲು ಹತ್ತಲು ಮೆಟ್ಟಿಲಿರುತ್ತದೆ, ಎಸ್ಕಲೇಟರ್ ಕೆಟ್ಟಿರುವುದೂ ಉಂಟು. ಬಾಬುಯಿನೊ ರಸ್ತೆಯಲ್ಲಿ ನೇರವಾಗಿ 800 ಮೀಟರ್ ನಡೆಯುವುದೇ ಮಂಡಿಗೆ ಹಗುರ.

ಆ ರಸ್ತೆ ಮುಗಿಯುವುದು ಪೋಪೊಲೊ ಚೌಕದಲ್ಲಿ. ನಡುವಿನ ಏಕಶಿಲಾ ಸ್ತಂಭ ಈಜಿಪ್ಟಿನದು. ಕ್ರಿ.ಪೂ. 10ರಲ್ಲಿ ಚಕ್ರವರ್ತಿ ಆಗಸ್ಟಸ್ ತರಿಸಿದ್ದು, ಈ ಜಾಗದಲ್ಲಿ ನಿಂತದ್ದು 1589ರಲ್ಲಿ. ಹಳೇ ಕೋಟೆ ಬಾಗಿಲಿಗೆ ಒತ್ತಿಕೊಂಡಿರುವ ಸಾಂತಾ ಮರಿಯಾ ದೆಲ್ ಪೋಪೊಲೊ ನಿಮ್ಮ ಮೊದಲ ಚರ್ಚ್. ಒಂಬತ್ತರ ಸುಮಾರಿಗೆ ಒಳಗಿರಿ. ಬೆಳಗಿನ ಪೂಜೆಗೆ ಸ್ವಲ್ಪ ಹೊತ್ತು ತಡೆದರೆ ಚೌಕ ನೋಡಿಕೊಂಡು ಕಾಯಿರಿ, ಮುಂದಕ್ಕೆ ಹೋಗಿಬಿಡಬೇಡಿ. ಮುಖ್ಯ ಪೀಠದ ಎಡಕ್ಕಿರುವ ಸಣ್ಣ ಪೂಜಾಕೋಣೆ, ಚೆರಾಸಿ ಚಾಪೆಲ್‌ನಲ್ಲಿ ಎರಡು ಕರವಾಜ್ಜೊಗಳಿವೆ, 1600–01ರವು: ಎಡಗೋಡೆಯಲ್ಲಿ ಪೇತ್ರನನ್ನು ತಲೆಕೆಳಗಾಗಿ ಶಿಲುಬೆಗೇರಿಸುವುದು, ಬಲಗೋಡೆಯಲ್ಲಿ ಕುದುರೆಯಿಂದ ಬಿದ್ದ ಪೌಲ. ಒಳಗೆ ಕಾಲಿಡಲು ಬಿಡುವುದಿಲ್ಲ, ಕಟಕಟೆಯ ಆಚೆ ನಿಂತು ಓರೆಯಾಗಿ ನೋಡಬೇಕು. ಕರವಾಜ್ಜೊ ಬರೆದದ್ದೂ ಆ ಓರೆ ನೋಟಕ್ಕೇ. ಪೌಲನನ್ನು ನೋಡಲು ಕಟಕಟೆಯ ಎಡತುದಿಗೆ, ಪೇತ್ರನನ್ನು ನೋಡಲು ಬಲತುದಿಗೆ ಸರಿಯಿರಿ. ಎದುರುಗೋಡೆಯ ನಡುಚಿತ್ರ ಅನ್ನಿಬಾಲೆ ಕರಾಚ್ಚಿಯದು, ಅದೇ ಕಾಲದ್ದು, ಬೇರೆಯದೇ ಲೋಕ. ಮೂರನ್ನೂ ಒಟ್ಟಿಗೆ ನೋಡಿದಾಗಲೇ ಕರವಾಜ್ಜೊ ಆಗಿನ ಜನಕ್ಕೆ ಎಷ್ಟು ಹೊಸಬನಾಗಿ ಕಂಡಿರಬೇಕು ಎಂದು ಅರ್ಥವಾಗುತ್ತದೆ. ಹೊರಡುವ ಮುಂಚೆ ಎಡಸಾಲಿನ ಕೀಜಿ ಚಾಪೆಲ್ ಬಿಡಬೇಡಿ: ವಿನ್ಯಾಸ ರಫಾಯೆಲ್‌ನದು, ಮೂಲೆಯ ಶಿಲ್ಪಗಳಲ್ಲಿ ಎರಡು ಬೆರ್ನೀನಿಯವು.

ಹತ್ತು ಗಂಟೆಗೆ ಹೊರಟು ರಿಪೆತ್ತಾ ರಸ್ತೆ ಹಿಡಿಯಿರಿ. ಇದು ಮುಂದೆ ಸ್ಕ್ರೋಫಾ ರಸ್ತೆ ಎಂದು ಹೆಸರು ಬದಲಿಸಿಕೊಂಡು ನಿಮ್ಮನ್ನು ಉಳಿದೆರಡು ಕರವಾಜ್ಜೊಗಳ ಬಾಗಿಲಿಗೇ ತಂದುಬಿಡುತ್ತದೆ, ತಿರುವೇ ಇಲ್ಲ. ದಾರಿಯಲ್ಲಿ ಬಲಕ್ಕೆ ಗಾಜಿನ ಕಟ್ಟಡದೊಳಗೆ ಆಗಸ್ಟಸ್‌ನ ಶಾಂತಿಪೀಠ, ಎಡಕ್ಕೆ ಅವನ ಗೋರಿ. ಒಳಗೆ ಹೋದರೆ ಒಂದು ಗಂಟೆ ಹೋಗುತ್ತದೆ, ಇವತ್ತಿನ ಲೆಕ್ಕಕ್ಕೆ ಅದು ಕೂಡುವುದಿಲ್ಲ. ರಸ್ತೆ ಬದಿಯ ಗೋಡೆಯಲ್ಲಿ ಆಗಸ್ಟಸ್ ತನ್ನ ಸಾಧನೆಗಳನ್ನು ತಾನೇ ಹೇಳಿಕೊಂಡ ಲ್ಯಾಟಿನ್ ಪಠ್ಯ ಕೆತ್ತಿದ್ದಾರೆ, ಅದನ್ನು ನೋಡಲು ಟಿಕೆಟ್ ಬೇಡ.

ಸಾಂತ್ ಅಗೊಸ್ತಿನೊ 12ಕ್ಕೆ ಮುಚ್ಚುತ್ತದೆ, ಆದ್ದರಿಂದ ಮೊದಲು ಅದು. ಮುಂದೆ ಅಗಲವಾದ ಮೆಟ್ಟಿಲ ಸಾಲಿದೆ, ಇಡೀ ದಿನದಲ್ಲಿ ಅತ್ತೆಯವರು ಹತ್ತಬೇಕಾದ ದೊಡ್ಡ ಮೆಟ್ಟಿಲು ಇದೊಂದೇ. ಒಳಗೆ ಹೋದೊಡನೆ ಎಡಕ್ಕೆ ಮೊದಲ ಚಾಪೆಲ್: ಬಾಗಿಲಲ್ಲಿ ಮಗುವನ್ನೆತ್ತಿ ನಿಂತ ಮರಿಯಾ, ಎದುರು ಮಂಡಿಯೂರಿದ ಇಬ್ಬರು ಬಡ ಯಾತ್ರಿಕರು. ಅವರ ಕೊಳೆಯಾದ ಅಂಗಾಲು ನೇರ ನಿಮ್ಮ ಕಣ್ಣಿಗೆ. ಬರಿಗಾಲಲ್ಲಿ ಪಂಢರಪುರಕ್ಕೆ ನಡೆಯುವ ವಾರಕರಿಗಳನ್ನು ಪ್ರತಿ ವರ್ಷ ಕಾಣುವ ನಮ್ಮ ಕಡೆಯವರಿಗೆ ಈ ಚಿತ್ರಕ್ಕೆ ವಿವರಣೆ ಬೇಡ. ಅದೇ ಚರ್ಚಿನ ಎಡಸಾಲಿನ ಕಂಬವೊಂದರ ಮೇಲೆ ರಫಾಯೆಲ್ ಬರೆದ ಪ್ರವಾದಿ ಯೆಶಾಯ ಇದ್ದಾನೆ, ಕತ್ತೆತ್ತಿ ನೋಡದವರಿಗೆ ಕಾಣುವುದಿಲ್ಲ.

ಇನ್ನೂರು ಮೀಟರ್ ಮುಂದೆ ಸಾನ್ ಲುಯಿಜಿ ದೇಯಿ ಫ್ರಾಂಚೇಜಿ. 11ರಿಂದ 12ರ ನಡುವಿನ ಒಂದು ಗಂಟೆ ಇದಕ್ಕೆ ಪೂರ್ತಿ ಕೊಡಿ. ಎಡಸಾಲಿನ ಕೊನೆಯ ಚಾಪೆಲ್‌ನಲ್ಲಿ ಯೇಸುವಿನ ಶಿಷ್ಯ ಮತ್ತಾಯನ ಬದುಕಿನ ಮೂರು ಚಿತ್ರಗಳು. ಎಡಗೋಡೆಯಲ್ಲಿ ಸುಂಕದ ಮೇಜಿನಲ್ಲಿ ಕುಳಿತವನನ್ನು ಯೇಸು ಕೈಚಾಚಿ ಕರೆಯುವುದು, ಬಲಗೋಡೆಯಲ್ಲಿ ಅವನ ಕೊಲೆ, ನಡುವೆ ಬರೆಯುತ್ತಿರುವ ಮತ್ತಾಯನ ತಲೆಯ ಮೇಲೆ ದೇವದೂತ. ಕರೆಯುವ ಚಿತ್ರದಲ್ಲಿ ಬೆಳಕು ಬಲದಿಂದ ಬೀಳುತ್ತದೆ. ಚಾಪೆಲ್‌ನ ನಿಜವಾದ ಕಿಟಕಿ ಇರುವುದೂ ಅದೇ ಕಡೆ, ಪೀಠದ ಮೇಲೆ. ಗೋಡೆಯ ಬೆಳಕನ್ನೇ ಚಿತ್ರದೊಳಕ್ಕೆ ಮುಂದುವರಿಸಿದ್ದಾನೆ. ಪುಸ್ತಕದಲ್ಲಿ ಎಷ್ಟು ಸಲ ನೋಡಿದ್ದರೂ ಇದು ತಿಳಿಯುವುದು ಅಲ್ಲಿ ನಿಂತಾಗ ಮಾತ್ರ, ಈ ಇಡೀ ದಿನದ ನಡಿಗೆಗೆ ಇದೊಂದೇ ಸಾಕು ಎನ್ನುವಷ್ಟು. ಯೇಸುವಿನ ಆ ಕೈಯನ್ನು ಗಮನಿಸಿ, ವ್ಯಾಟಿಕನ್‌ನ ಸಿಸ್ಟೀನ್ ಛಾವಣಿಯಲ್ಲಿ ಆದಾಮನ ಕೈ ನೋಡುವಾಗ ನೆನಪಾಗುತ್ತದೆ. ನಡುಚಿತ್ರಕ್ಕೆ ಮೊದಲು ಬರೆದದ್ದನ್ನು ಚರ್ಚಿನವರು ಒಪ್ಪಲಿಲ್ಲ, ಈಗಿರುವುದು ಎರಡನೆಯದು. ತಿರಸ್ಕೃತವಾದದ್ದು ಬರ್ಲಿನ್ ಸೇರಿ 1945ರಲ್ಲಿ ನಾಶವಾಯಿತು. ಎಲ್ಲರೂ ಇಲ್ಲಿಗೆ ಬಂದು ಹೊರಟುಬಿಡುತ್ತಾರೆ. ನೀವು ಬಲಸಾಲಿನ ಎರಡನೇ ಚಾಪೆಲ್‌ಗೂ ಹೋಗಿ, ದೊಮೆನಿಕೀನೊನ ಗೋಡೆಚಿತ್ರಗಳ ಮುಂದೆ ನೆಮ್ಮದಿಯಾಗಿ ನಿಲ್ಲಬಹುದು.

ಆಮೇಲೆ ನವೋನಾ. ಮೊದಲ ಶತಮಾನದ ದೊಮಿಶಿಯನ್ ಕ್ರೀಡಾಂಗಣದ ಮೇಲೆಯೇ ಎದ್ದ ಚೌಕ, ಆ ಉದ್ದನೆಯ ಆಕಾರ ಅದರಿಂದ ಬಂದದ್ದು. ನಡುವಿನ ಕಾರಂಜಿಯಲ್ಲಿ ಬೆರ್ನೀನಿ ನಾಲ್ಕು ಖಂಡಗಳಿಗೆ ನಾಲ್ಕು ನದಿಗಳನ್ನು ಕೂರಿಸಿದ್ದಾನೆ: ಡ್ಯಾನ್ಯೂಬ್, ನೈಲ್, ದಕ್ಷಿಣ ಅಮೆರಿಕದ ಪ್ಲಾತಾ, ಏಷ್ಯಾಕ್ಕೆ ನಮ್ಮ ಗಂಗೆ. ಕೈಯಲ್ಲಿ ಉದ್ದನೆಯ ಹುಟ್ಟು ಹಿಡಿದವನೇ ಗಂಗೆ, ಹೌದು, ಗಂಡಸು. ಮುಸುಕು ಹಾಕಿಕೊಂಡವನು ನೈಲ್, ಆಗ ಅದರ ಮೂಲ ಯುರೋಪಿನವರಿಗೆ ತಿಳಿದಿರಲಿಲ್ಲ. ಎದುರಿನ, ವಾಸ್ತುಶಿಲ್ಪಿ ಬೊರೊಮಿನಿಯ ಚರ್ಚ್ ಬೀಳುತ್ತದೆಂದು ಪ್ಲಾತಾ ಕೈ ಅಡ್ಡ ಹಿಡಿದಿದ್ದಾನೆ ಎಂಬ ಕಥೆ ಅಲ್ಲಿ ಎಲ್ಲರ ಬಾಯಲ್ಲೂ ಇದೆ, ನಂಬಬೇಡಿ. ಕಾರಂಜಿ 1651ರಲ್ಲೇ ಮುಗಿದಿತ್ತು, ಬೊರೊಮಿನಿ ಆ ಚರ್ಚಿನ ಕೆಲಸಕ್ಕೆ ಕೈಹಾಕಿದ್ದು ಆಮೇಲೆ.

ಊಟ ಮುಗಿಸಿ 2ಕ್ಕೆ ಪ್ಯಾಂಥಿಯಾನ್. ಟಿಕೆಟ್ 2023ರ ಜುಲೈನಿಂದ ಬಂದದ್ದು, ಆಗ 5 ಯೂರೋ. ಇಟಲಿ ಸರ್ಕಾರದ ಮ್ಯೂಸಿಯಂಗಳ ಅಧಿಕೃತ ಆ್ಯಪ್ ಅಥವಾ ತಾಣದಲ್ಲೇ ತೆಗೆಯಿರಿ. ಹುಡುಕಿದಾಗ ಮೊದಲು ಕಾಣಿಸುವ ತಾಣಗಳಲ್ಲಿ ಹಲವು ಮಧ್ಯವರ್ತಿಗಳವು, ಆಡಿಯೋ ಗೈಡ್ ಸೇರಿಸಿ ಮೂರು ಪಟ್ಟು ಕೇಳುತ್ತಾರೆ. ಗುಮ್ಮಟದ ಅಡ್ಡಗಲ, ನೆಲದಿಂದ ಅದರ ತುದಿಯ ಎತ್ತರ ಎರಡೂ ಒಂದೇ, 43.3 ಮೀಟರ್. ಮೇಲಿನ ಕಿಂಡಿಗೆ ಗಾಜಿಲ್ಲ, ಮಳೆ ಒಳಗೇ ಬೀಳುತ್ತದೆ. ನೆಲ ನಡುವೆ ತುಸು ಉಬ್ಬಿದ್ದು ನೀರು ಹೋಗಲು ತೂತುಗಳಿವೆ, ಹುಡುಕಿ ನೋಡಿ. ಬೇಸಿಗೆಯಲ್ಲಿ ಬಿಸಿಲ ಬಿಲ್ಲೆ ನೆಲಕ್ಕೆ ಬೀಳುತ್ತದೆ, ಅಕ್ಟೋಬರ್‌ನಲ್ಲಿ ಗುಮ್ಮಟದ ಒಳಮೈಯಲ್ಲೇ ಸರಿಯುತ್ತಿರುತ್ತದೆ. ಹಾಗಾಗಿ ಕೂರಲು ಬೆಂಚು ಸಿಕ್ಕರೆ ಕೂತು ಮೇಲೆ ನೋಡಿ. ರಫಾಯೆಲ್‌ನ ಸಮಾಧಿಯೂ ಒಳಗೇ ಇದೆ.

3ರ ಮೇಲೆ ಹಿಂಬದಿಯ ಮಿನರ್ವಾ ಚೌಕ. ಬೆರ್ನೀನಿಯ ಆನೆ ಹೊರಗೇ ಇದೆ, 1667ರದು. ಚರ್ಚಿನೊಳಗೆ ಪೀಠದ ಎಡಕ್ಕೆ ಮೈಕೆಲ್ಯಾಂಜೆಲೊ ಕೆತ್ತಿದ ನಿಂತ ಕ್ರಿಸ್ತ. 4ಕ್ಕೆ ಸಾಂತ್ ಇಗ್ನಾಜಿಯೊ, 5:15ಕ್ಕೆ ಜೆಸೂ, 6ಕ್ಕೆ ಕಂಪಿದೋಲ್ಯೊ ಗುಡ್ಡ. ಜೆಸೂ ಬಗ್ಗೆ ಗೋವಾದವರು ಯಾರಾದರೂ ಬರೆದರೆ ಚೆನ್ನ.

ವಾಸ್ಕೋ ಬಂದರು (ಗೋವಾ)

ಬರೆಯುತ್ತೇನೆ ಸರ್. ಮೇಡಂ, ಜೆಸೂಗೆ 5:15 ಅಂದರೆ 5:15. ಕಾರಣ ಇದೆ. ಚರ್ಚಿನ ಎಡ ತೋಳಿನಲ್ಲಿ (ಶಿಲುಬೆಯಾಕಾರದ ಕಟ್ಟಡದ ಎಡಕ್ಕೆ ಚಾಚಿದ ಭಾಗ) ಜೆಸ್ಯೂಟ್ ಪಂಥದ ಸ್ಥಾಪಕ ಸಂತ ಇಗ್ನೇಷಿಯಸ್‌ನ ಸಮಾಧಿ ಪೀಠ, ಆಂದ್ರೇಯಾ ಪೊಜ್ಜೊ 1695ರಿಂದ 1699ರ ನಡುವೆ ಮಾಡಿದ್ದು. ನೀಲಿ ಕಂಬಗಳಿಗೆ ಹೊದಿಸಿರುವುದು ಲಾಜವರ್ದ ಕಲ್ಲು. ಹಗಲೆಲ್ಲ ಅಲ್ಲಿ ಕಾಣುವುದು ದೊಡ್ಡ ಚಿತ್ರಪಟ. ದಿನಾ ಸಂಜೆ 5:30ಕ್ಕೆ ಸಂಗೀತ, ಓದು, ಬೆಳಕಿನ ಜೊತೆ ಆ ಪಟ ನಿಧಾನವಾಗಿ ಕೆಳಗಿಳಿದು ಹಿಂದಿನ ಗೂಡಿನಲ್ಲಿರುವ ಸಂತನ ಪ್ರತಿಮೆ ಹೊರಗೆ ಕಾಣುತ್ತದೆ. ಪಟ ಇಳಿಸುವ ಯಂತ್ರದ ಏರ್ಪಾಡು ಪೊಜ್ಜೊ ಯೋಚಿಸಿದ್ದೇ. ಮೂಲ ಬೆಳ್ಳಿ ಪ್ರತಿಮೆಯನ್ನು 18ನೇ ಶತಮಾನದ ಕೊನೆಗೆ ಕರಗಿಸಿದರು, ಈಗಿನದು ಆಮೇಲಿನದು. ದುಡ್ಡಿಲ್ಲ, ಟಿಕೆಟ್ ಇಲ್ಲ. ಎಡಭಾಗದ ಬೆಂಚುಗಳಲ್ಲಿ ಮುಂದೆ ಕೂರಬೇಕು, ಬಲಭಾಗದಿಂದ ಕಂಬ ಅಡ್ಡ ಬರುತ್ತದೆ. 5:25ಕ್ಕೆ ಹೋದರೆ ನಿಂತೇ ನೋಡಬೇಕಾಗುತ್ತದೆ, ಅತ್ತೆಯವರಿಗೆ ಕಷ್ಟ.

ಮುಗಿದ ಮೇಲೆ ಎಲ್ಲರೂ ಬಾಗಿಲ ಕಡೆ ಹೋಗುತ್ತಾರೆ. ನೀವು ಎದುರಿನ ಬಲ ತೋಳಿಗೆ ಹೋಗಿ. ಅಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್‌ನ ಪೀಠ, ಚಿನ್ನದ ಹೊಳಪಿನ ಕರಂಡಕದಲ್ಲಿ ಅವನ ಬಲಗೈಯ ಮುಂದೋಳು. ದೇಹ ಹಳೇ ಗೋವಾದ ಬೊಮ್ ಜೆಜುಸ್ ಇಗರ್ಜಿಯಲ್ಲಿದೆ, ಈ ಕೈಯನ್ನು 1614ರಲ್ಲಿ ಬೇರ್ಪಡಿಸಿ ರೋಮ್‌ಗೆ ಕಳಿಸಿದರು. ಸಾವಿರಾರು ಜನರಿಗೆ ದೀಕ್ಷಾಸ್ನಾನ ಕೊಟ್ಟ ಕೈ ಎಂಬ ಕಾರಣಕ್ಕೆ. ಝೇವಿಯರ್ 1542ರಲ್ಲಿ ಗೋವಾಕ್ಕೆ ಬಂದವನು, 1552ರಲ್ಲಿ ಚೀನಾ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡ. ಪೀಠದ ಮೇಲಿನ ಕಾರ್ಲೊ ಮರಾತ್ತಾನ ಚಿತ್ರ ಆ ಸಾವಿನದೇ. ಮುಂಬೈಯಿಂದ ಗೋವಾ ಒಂದು ರಾತ್ರಿಯ ದಾರಿ. ಸಾಧ್ಯವಾದರೆ ಹೊರಡುವ ಮುಂಚೆ ಬೊಮ್ ಜೆಜುಸ್ ನೋಡಿಕೊಂಡು ಹೋಗಿ. 1594ರಲ್ಲಿ ಶುರುವಾಗಿ 1605ರಲ್ಲಿ ಪ್ರತಿಷ್ಠೆಯಾದ ಇಗರ್ಜಿ ಅದು. ಅದರ ಮುಖದ ಮೇಲಿರುವ, ಯೇಸುವಿನ ಹೆಸರನ್ನು ಸೂಚಿಸುವ ಐಎಚ್ಎಸ್ ಅಕ್ಷರಗಳು ಜೆಸೂ ಚರ್ಚಿನ ಮುಖದ ಮೇಲೂ ಇವೆ, ಛಾವಣಿಯ ಚಿತ್ರದ ನಟ್ಟನಡುವೆಯೂ ಇವೆ. ಝೇವಿಯರ್‌ನ ಸಮಾಧಿ ಪೀಠವನ್ನು ಗೋವಾಕ್ಕೆ ಕೊಟ್ಟವನು ಇಟಲಿಯ ತಸ್ಕನಿಯ ದೊರೆ ಮೂರನೇ ಕೊಸಿಮೊ, ಕೆತ್ತಿಸಿದ್ದು ಫ್ಲಾರೆನ್ಸಿನಲ್ಲಿ, ಕೂರಿಸಿದ್ದು 1698ರಲ್ಲಿ. ಒಂದು ಕಡೆ ನೋಡಿದವರಿಗೆ ಇನ್ನೊಂದು ಕಡೆ ನೋಡಿದ್ದು ಇಮ್ಮಡಿಯಾಗಿ ದಕ್ಕುತ್ತದೆ.

ಛಾವಣಿ ನೋಡಲು ನಡುಹಜಾರದಲ್ಲಿ ಕನ್ನಡಿ ಇಟ್ಟಿದ್ದಾರೆ, ಕತ್ತು ನೋವಿದ್ದವರಿಗೆ ಅನುಕೂಲ. ಬಾಚಿಚ್ಚ ಎಂದೇ ಹೆಸರಾದ ಗೌಲ್ಲಿ 1679ರಲ್ಲಿ ಮುಗಿಸಿದ್ದು. ಚಿತ್ರದ ಆಕೃತಿಗಳು ಚೌಕಟ್ಟು ದಾಟಿ ಹೊರಗೆ ಚೆಲ್ಲುತ್ತವೆ. ಯಾವುದು ಬಣ್ಣ, ಯಾವುದು ಗಾರೆಯ ಶಿಲ್ಪ ಎಂದು ಕೆಳಗಿನಿಂದ ಹೇಳಲಾಗದು.

ಸಾಂತ್ ಇಗ್ನಾಜಿಯೊದಲ್ಲೂ ಕನ್ನಡಿ ಇದೆ, ಅಲ್ಲಿ ಮಾತ್ರ ಅದರ ಮುಂದೆ ಫೋಟೋಕ್ಕೆ ಉದ್ದ ಸಾಲು. ಆ ಸಾಲಿಗೆ ನಿಲ್ಲಬೇಡಿ. ಬಾಗಿಲಿಂದ ನೇರ ಒಳಗೆ ನಡೆದರೆ ನೆಲದಲ್ಲಿ ಒಂದು ದುಂಡು ಕಲ್ಲು ಇದೆ. ಅದರ ಮೇಲೆ ನಿಂತಾಗ ಮಾತ್ರ ಪೊಜ್ಜೊ ಬರೆದ ಕಂಬಗಳು ಗೋಡೆಯಿಂದ ನೇರವಾಗಿ ಆಕಾಶಕ್ಕೆ ಏಳುತ್ತವೆ, ಪಕ್ಕಕ್ಕೆ ಸರಿದರೆ ಎಲ್ಲವೂ ವಾಲುತ್ತದೆ. ಇನ್ನೂ ಮುಂದೆ ಗುಮ್ಮಟದಂತೆ ಕಾಣುವುದು ಗುಮ್ಮಟವಲ್ಲ, 1685ರಲ್ಲಿ ಬರೆದು ಚಪ್ಪಟೆಯಾಗಿ ಕಟ್ಟಿದ ಬಟ್ಟೆ. ಅದರ ಕೆಳಗೆ ಹೋಗಿ, ದಾಟಿ, ಹಿಂತಿರುಗಿ ನೋಡಿ, ಆಗ ಗುಟ್ಟು ತಿಳಿಯುತ್ತದೆ.

ಸದಾಶಿವ ಪೇಟೆ (ಪುಣೆ)

ಅಕ್ಕಾರ, ದಾರಿ ಛಲೋ ಹೇಳ್ಯಾರ. ನಾನು ರೊಕ್ಕ, ಊಟ, ಬೂಟು ಇಷ್ಟ ಹೇಳ್ತೀನಿ.

ಚಿಲ್ಲರೆ ಇಲ್ದ ಆ ಮೂರು ಚರ್ಚಿಗೆ ಹೋಗಬ್ಯಾಡ್ರಿ. ಕರವಾಜ್ಜೊನ ಚಾಪೆಲ್‌ ಕತ್ತಲ ಇರ್ತಾವ, ಬಾಜೂಕ ಒಂದು ಡಬ್ಬಿ ಇರ್ತದ, ನಾಣ್ಯ ಹಾಕಿದ್ರ ಒಂದೆರಡು ನಿಮಿಷ ದೀಪ ಹತ್ತತದ. ನೋಟು, ಕಾರ್ಡು ಎಣಿಸಬ್ಯಾಡ್ರಿ. 50 ಸೆಂಟ್, 1 ಯೂರೋ ಸೇರಿಸಿ ಏಳೆಂಟು ನಾಣ್ಯ ಬೇರೆ ಇಟ್ಟುಕೊಳ್ರಿ. ಬೆಳಿಗ್ಗೆ ಕಾಫಿಗೆ 10 ಯೂರೋ ನೋಟು ಮುರಿಸಿದ್ರ ಆತು. ದೀಪ ಆರಿದ ಕೂಡಲೇ ಮತ್ತ ಹಾಕಬ್ಯಾಡ್ರಿ. ಕಿಟಕಿ ಬೆಳಕಿನ್ಯಾಗ ಅರ್ಧ ನಿಮಿಷ ನೋಡ್ರಿ, ಚಿತ್ರ ಬ್ಯಾರೇನೇ ಕಾಣ್ತದ.

ಬಸ್ಸು, ಮೆಟ್ರೊಕ್ಕ ಟಿಕೆಟ್ 1.50 ಯೂರೋ, 100 ನಿಮಿಷ ನಡೀತದ, ಮೆಟ್ರೊ ಮಾತ್ರ ಒಮ್ಮೆ. ಕಾರ್ಡು ತಟ್ಟಿದ್ರೂ ನಡೀತದ, ಆದ್ರ ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಬೇಕು. ಒಂದ ಕಾರ್ಡು ಮೂರು ಸಲ ತಟ್ಟಿದ್ರ ಮೂರು ಟಿಕೆಟ್ ಆಗಂಗಿಲ್ಲ, ತಪಾಸಣಿಗೆ ಬಂದವರು ದಂಡ ಹಾಕ್ತಾರ. ನಮ್ಮ ಕಾರ್ಡುಗಳೊಳಗ ವಿದೇಶಿ ವ್ಯವಹಾರ ಬಂದ್ ಇರ್ತದ, ಹೊರಡೂಕ ಮೊದಲ ಬ್ಯಾಂಕಿನ ಆ್ಯಪ್‌ನ್ಯಾಗ ವಿದೇಶಿ ವ್ಯವಹಾರ, ತಟ್ಟಿ ಕೊಡೂದು ಎರಡೂ ಚಾಲೂ ಮಾಡ್ರಿ. ಒಂದು ಚಾಲೂ ಮಾಡಿ ಇನ್ನೊಂದು ಬಿಟ್ಟರ ಗೇಟು ತೆರೆಯಂಗಿಲ್ಲ.

ಊಟ. ತೂಕದ ಮ್ಯಾಲೆ ಮಾರೋ ಪಿಜ್ಜಾ ಅಂಗಡಿ ಭಾಳ ಅದಾವ. ಎಷ್ಟು ಅಗಲ ಬೇಕು ಅಂತ ಕೈ ತೋರಿಸಿದ್ರ ಕತ್ತರಿಲೇ ಕತ್ತರಿಸಿ ತೂಗಿ ಕೊಡ್ತಾರ. ತಲಿಗೆ 250 ಗ್ರಾಂ ಸಾಕು. ಮರಿನಾರಾ ಅಂದ್ರ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಚೀಸ್ ಇಲ್ಲ. ಆಲೂಗಡ್ಡಿದೂ ಸಿಗ್ತದ, ಮ್ಯಾಲೆ ಹಂದಿ ಮಾಂಸದ ತೆಳು ಪದರ ಅದನೋ ನೋಡ್ರಿ. 'ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ' ಅಂದ್ರ ಮಾಂಸ ಬ್ಯಾಡ, ಮೀನು ಬ್ಯಾಡ. 'ಸ್ತ್ರುತ್ತೊ' ಅಂದ್ರ ಹಂದಿ ಕೊಬ್ಬು, ಕೆಲವರು ಹಿಟ್ಟಿನ್ಯಾಗ ಹಾಕ್ತಾರ, ಅದನ್ನೂ ಕೇಳ್ರಿ. ಅನ್ನದ ಉಂಡಿ ಕರಿದದ್ದು ಸುಪ್ಲಿ ಅಂತ ಇಟ್ಟಿರ್ತಾರ, ನೋಡಾಕ ನಮ್ಮ ಬಟಾಟೆ ವಡಾನ ಹಂಗ ಕಾಣ್ತದ, ಒಳಗ ಬಹಳ ಸಲ ಮಾಂಸದ ಸಾರು ಇರ್ತದ. ಬ್ಯಾಡ.

ಪಾಸ್ತಾದೊಳಗ ನಿಮಗ ಸರಿಯಾದದ್ದು ಪೆನ್ನೆ ಅರಾಬ್ಯಾತಾ: ಟೊಮೆಟೊ, ಬೆಳ್ಳುಳ್ಳಿ, ಒಣ ಮೆಣಸಿನಕಾಯಿ. ಪೆನ್ನೆ, ಸ್ಪಗೆತ್ತಿ ಒಣ ಪಾಸ್ತಾ, ಸಾಮಾನ್ಯವಾಗಿ ತತ್ತಿ ಇರಂಗಿಲ್ಲ. ಫೆತ್ತುಚ್ಚಿನೆ, ತೊನ್ನರೆಲ್ಲಿ ಹಸಿ ಪಾಸ್ತಾ, ತತ್ತಿ ಇರ್ತದ. ಕಾಚೊ ಎ ಪೆಪೆ (ಚೀಸು, ಕರಿಮೆಣಸಿನ ಪಾಸ್ತಾ) ಸಸ್ಯಾಹಾರ ಅಂತ ಎಲ್ಲಾರೂ ಹೇಳ್ತಾರ, ಆದ್ರ ಅದರ ಪೆಕೊರೀನೊ ಚೀಸು ಕುರಿಮರಿ ಹೊಟ್ಟಿಯಿಂದ ತೆಗೆದ ರೆನೆಟ್ ಹಾಕಿ ಹೆಪ್ಪುಗಟ್ಟಿಸಿದ್ದು. ಕಟ್ಟುನಿಟ್ಟು ಇದ್ರ ಬಿಡ್ರಿ. ತಿರಾಮಿಸುದೊಳಗ ಹಸಿ ತತ್ತಿ, ಜೆಲಾಟೊ ಕೆಲವಕ್ಕೂ ತತ್ತಿ. ಹಣ್ಣಿನ ಸೊರ್ಬೆತ್ತೊ ಕೇಳ್ರಿ. ನವೋನಾ ಚೌಕದ ಮ್ಯಾಲೇ ಕೂತು ಉಣಬ್ಯಾಡ್ರಿ, ಎರಡು ಓಣಿ ಒಳಗ ಹೋಗ್ರಿ. ಬಿಲ್ಲಿನ್ಯಾಗ ತಲಿಗೆ ಒಂದೆರಡು ಯೂರೋ ಬ್ರೆಡ್ಡಿನದು ಅಂತ ಸೇರಿಸಿರ್ತಾರ, ಅದು ಅಲ್ಲಿ ವಾಡಿಕೆ, ಜಗಳ ಬ್ಯಾಡ. ಕಾಫಿ ಕೌಂಟರಿನ್ಯಾಗ ನಿಂತು ಕುಡೀರಿ, ಕೂತ್ರ ರೇಟು ಎರಡು ಮೂರು ಪಟ್ಟು. ಬಹಳ ಕಡೆ ಮೊದಲ ಗಲ್ಲಾದಾಗ ರೊಕ್ಕ ಕೊಟ್ಟು ಚೀಟಿ ತಂದು ಕೌಂಟರಿಗೆ ಕೊಡಬೇಕು. ಶೌಚಾಲಯಕ್ಕೂ ಇದ ದಾರಿ, ಕಾಫಿ ಕುಡಿದವರಿಗೆ ಇಲ್ಲ ಅನ್ನಂಗಿಲ್ಲ.

ನೀರು ಕೊಳ್ಳಬ್ಯಾಡ್ರಿ. ಓಣಿ ಓಣಿಗೆ ಬೀಡು ಕಬ್ಬಿಣದ ನಳ ಅದಾವ, ಹಗಲು ರಾತ್ರಿ ಹರೀತಾವ, ಕುಡಿಯೋ ನೀರ. ನಳದ ಬಾಯಿ ಬೆರಳಿಲೇ ಒತ್ತಿ ಹಿಡಿದ್ರ ಮ್ಯಾಲಿನ ಸಣ್ಣ ತೂತಿನಿಂದ ನೀರು ಮ್ಯಾಲೇಳತದ, ಬಗ್ಗದ ಕುಡೀಬಹುದು.

ಬೂಟು ದಪ್ಪ ಅಟ್ಟೆದು ಇರಲಿ. ಅಲ್ಲಿ ರಸ್ತಾಕ್ಕ ಕರಿ ಕಲ್ಲಿನ ಸಣ್ಣ ಸಣ್ಣ ಚೌಕ ಹಾಸ್ಯಾರ, ತೆಳ್ಳನ ಚಪ್ಪಲಿ ಇದ್ರ ಸಂಜೀಕ ಅಂಗಾಲು ಸುಡತದ. ಭುಜ, ಮಳಕಾಲು ಮುಚ್ಚೂ ಹಂಗ ಬಟ್ಟಿ. ಸೀರಿ ಉಟ್ಟ ಅತ್ತೆಯವರಿಗೆ ಚಿಂತಿ ಇಲ್ಲ, ಯಜಮಾನರು ಅರ್ಧ ಚಡ್ಡಿ ಹಾಕಬಾರದು ಅಷ್ಟ.

ಒಂದು ಮಾತಿಗೆ ನನ್ನ ಒಪ್ಪಿಗಿ ಇಲ್ರಿ ಕಟ್ಟೆಯವರ. 68ರ ಅತ್ತೆಯವರನ್ನ ಬೆಳಿಗ್ಗೆ 7:30ಕ್ಕ ಟ್ರೆವಿಗೆ ಯಾಕ ಒಯ್ತೀರಿ? ರಾತ್ರಿ ದೀಪದಾಗ ನೋಡಲಿ.

ಮಾಟುಂಗಾ ಪೂರ್ವ (ಮುಂಬೈ)

ಮೂವರಿಗೂ ತುಂಬಾ ಧನ್ಯವಾದ, ಎಲ್ಲ ಬರೆದಿಟ್ಟುಕೊಂಡೆ. ಇನ್ನು ಮೂರೇ ಪ್ರಶ್ನೆ. ಟ್ರೆವಿ ಬೆಳಿಗ್ಗೆಯೋ ರಾತ್ರಿಯೋ? ಮಳೆ ಬಂದರೆ ಏನು ಬದಲಿಸಬೇಕು? ಕಂಪಿದೋಲ್ಯೊ ಗುಡ್ಡ ಅಂದಿರಿ, ಅದಕ್ಕೆ ಮೆಟ್ಟಿಲು ಎಷ್ಟು?

ಕಾಲಾಘೋಡಾ ಕಟ್ಟೆ (ಮುಂಬೈ)

ಪುಣೆಯವರ ಮಾತು ತೆಗೆದುಹಾಕುವಂಥದ್ದಲ್ಲ, ದೀಪದಲ್ಲಿ ಟ್ರೆವಿ ಚೆಂದವೇ. ಆದರೆ ರಾತ್ರಿ 9ಕ್ಕೂ ಅಲ್ಲಿ ಭುಜಕ್ಕೆ ಭುಜ ತಾಗುವಷ್ಟು ಜನ, ಜೇಬುಗಳ್ಳರಿಗೆ ಅದೇ ಹೊತ್ತು. ದಿನವಿಡೀ ನಡೆದ ಮಂಡಿಯಲ್ಲಿ ಆ ಗುಂಪಿನೊಳಗೆ ನಿಲ್ಲುವುದಕ್ಕಿಂತ ಬೆಳಿಗ್ಗೆ ವಾಸಿ. ಅತ್ತೆಯವರಿಗೆ ನಿದ್ದೆ ಬೇಕಿದ್ದರೆ ಟ್ರೆವಿಯನ್ನು ಬೇರೆ ದಿನಕ್ಕೆ ಹಾಕಿ ಒಂಬತ್ತಕ್ಕೆ ಟ್ಯಾಕ್ಸಿಯಲ್ಲಿ ನೇರ ಪೋಪೊಲೊಗೆ ಬನ್ನಿ, ಸುಮಾರು ಒಂದೂವರೆ ಕಿ.ಮೀ. ನಡಿಗೆ ಉಳಿಯುತ್ತದೆ. ಅಲ್ಲಿಂದ ಮುಂದಿನ ಕ್ರಮ ಮಾತ್ರ ಕದಲಿಸಬೇಡಿ.

ಮಳೆ ಅಕ್ಟೋಬರ್‌ನಲ್ಲಿ ಸಾಮಾನ್ಯ. ಆ ಕರಿಕಲ್ಲು ಒದ್ದೆಯಾದರೆ ಜಾರುತ್ತದೆ. ಪೋಪೊಲೊದಿಂದ ಸಾಂತ್ ಅಗೊಸ್ತಿನೊವರೆಗಿನ 1.2 ಕಿ.ಮೀ.ಗೆ ಟ್ಯಾಕ್ಸಿ ಹಿಡಿಯಿರಿ. ಟ್ಯಾಕ್ಸಿಗೆ ರಸ್ತೆಯಲ್ಲಿ ಕೈ ಅಡ್ಡ ಮಾಡಿದರೆ ನಿಲ್ಲುವುದು ಅಪರೂಪ, ಚೌಕದ ನಿಲ್ದಾಣಕ್ಕೆ ಹೋಗಬೇಕು ಅಥವಾ ಆ್ಯಪ್‌ನಲ್ಲಿ ಕರೆಯಬೇಕು. ಉಳಿದ ಚರ್ಚ್‌ಗಳೆಲ್ಲ ಒಂದರಿಂದೊಂದು ಐದಾರು ನಿಮಿಷದ ದೂರದಲ್ಲೇ ಇವೆ. ನವೋನಾವನ್ನು ಹತ್ತು ನಿಮಿಷಕ್ಕೆ ಇಳಿಸಿ, ಪ್ಯಾಂಥಿಯಾನ್‌ಗೆ ಆ ಸಮಯ ಕೊಡಿ. ಕಿಂಡಿಯಿಂದ ಮಳೆ ಒಳಗೆ ಬೀಳುವುದನ್ನು ನೋಡುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ನೆಲದ ನಡುಭಾಗಕ್ಕೆ ಹಗ್ಗ ಕಟ್ಟಿರುತ್ತಾರೆ.

ಕಂಪಿದೋಲ್ಯೊಗೆ ಪಕ್ಕಪಕ್ಕದಲ್ಲಿ ಎರಡು ಏರುದಾರಿ. ಎಡಗಡೆಯದು ಅರಾಚೇಲಿ ಚರ್ಚಿಗೆ ಹೋಗುವ 124 ಕಡಿದಾದ ಮೆಟ್ಟಿಲು, ಅತ್ತ ತಿರುಗಿಯೂ ನೋಡಬೇಡಿ. ಬಲಗಡೆಯದು ಮೈಕೆಲ್ಯಾಂಜೆಲೊ ಯೋಚಿಸಿದ ಅಗಲವಾದ ಇಳಿಜಾರು. ಮೆಟ್ಟಿಲು ಎನ್ನಲೂ ಆಗದಷ್ಟು ತಗ್ಗು, ಒಂದೊಂದಕ್ಕೂ ನಡುವೆ ಎರಡು ಹೆಜ್ಜೆ ಜಾಗ. ಕುದುರೆ ಸವಾರರೂ ಏರಿ ಹೋಗಲೆಂದು ಮಾಡಿದ್ದು. ಮೇಲಿನ ಚೌಕದ ನೆಲದ ವಿನ್ಯಾಸವೂ ಅವನದೇ. ನಡುವೆ ಕುದುರೆ ಮೇಲಿರುವ ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ಪ್ರತಿಮೆ ನಕಲು, ಅಸಲು ಕಂಚಿನದು ಪಕ್ಕದ ಮ್ಯೂಸಿಯಂ ಒಳಗಿದೆ.

ಅಲ್ಲಿ ನಿಲ್ಲಬೇಡಿ. ಎದುರಿನ ಕಟ್ಟಡದ ಬಲಬದಿಯಿಂದ ಹಿಂದಕ್ಕೆ ಹೋದರೆ ಒಂದು ಕಟ್ಟೆ, ಕೆಳಗೆ ಇಡೀ ಪ್ರಾಚೀನ ರೋಮನ್ ಫೋರಂ, ದೂರದಲ್ಲಿ ಕೊಲೋಸಿಯಂ. ಟಿಕೆಟ್ ಇಲ್ಲ. ಆ ವಾರ ಸೂರ್ಯಾಸ್ತ 6:20ರ ಸುಮಾರಿಗೆ. ಜೆಸೂದಲ್ಲಿ 5:50ಕ್ಕೆ ಎದ್ದರೆ ನಿಧಾನವಾಗಿ ನಡೆದರೂ 6:05ಕ್ಕೆ ಅಲ್ಲಿರುತ್ತೀರಿ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ನಿಮ್ಮ ಪ್ರಯಾಣ ಒಂದು ವಾರ ಮುಂದಕ್ಕೆ ಹೋದರೆ ಸೂರ್ಯಾಸ್ತ 5ರ ಸುಮಾರಿಗೇ ಆಗಿಬಿಡುತ್ತದೆ, ಆಗ ಮೊದಲು ಗುಡ್ಡ, ಆಮೇಲೆ ಜೆಸೂ.

ವಾಸ್ಕೋ ಬಂದರು (ಗೋವಾ)

ಒಂದು ಸೇರಿಸುತ್ತೇನೆ. ಗುಡ್ಡದಿಂದ ಇಳಿದು ವೆನೇಸಿಯಾ ಚೌಕದಲ್ಲಿ ಬಸ್ ಹಿಡಿಯುವುದಾದರೆ, ಅಲ್ಲಿ ಹೊಸ ಮೆಟ್ರೊ ನಿಲ್ದಾಣದ ಕಾಮಗಾರಿಯಿಂದ ನಿಲುಗಡೆಗಳು ಆಗಾಗ ಜಾಗ ಬದಲಿಸುತ್ತವೆ. ಹಳೇ ಬ್ಲಾಗ್‌ಗಳ ಗುರುತು ನಂಬದೆ ಆ ದಿನವೇ ಮ್ಯಾಪಿನಲ್ಲಿ ನೋಡಿ. ಮುಖ್ಯ ರೈಲು ನಿಲ್ದಾಣ ತೆರ್ಮಿನಿ ಕಡೆಗೆ 40, 64 ಎರಡೂ ಹೋಗುತ್ತವೆ, ಎರಡರಲ್ಲೂ ಸಂಜೆ ಒತ್ತಡ ಹೆಚ್ಚು, ಜೇಬುಗಳ್ಳತನಕ್ಕೆ 64 ಹೆಸರುವಾಸಿ. ಚೀಲ ಎದೆಗೆ ಹಾಕಿಕೊಳ್ಳಿ, ಫೋನು ಕೈಯಲ್ಲಿ ಬೇಡ. ಬಾಗಿಲ ಬಳಿ ನಿಲ್ಲದೆ ಒಳಗೆ ಸರಿಯಿರಿ, ಕೈಹಾಕುವವರು ಬಾಗಿಲು ಮುಚ್ಚುವ ಕ್ಷಣದಲ್ಲಿ ಇಳಿದು ಹೋಗುತ್ತಾರೆ.